ರೂಮು ಮಾಡಿಕೊಂಡು ಓದಿದವರು

ನಮ್ಮ ಕಡೆ ದೊಡ್ಡವರು ಹೊಲ ಮಾಡುತ್ತಾರೆ, ಓದುವ ಮಕ್ಕಳು ರೂಮು ಮಾಡುತ್ತಾರೆ. "ನಿಮ್ಮ ಹುಡುಗ ಎಲ್ಲವ್ನೆ?" ಎಂದು ಸಂತೆಯಲ್ಲಿ ಯಾರಾದರೂ ಕೇಳಿದರೆ, "ಮಂಡ್ಯದಲ್ಲಿ ರೂಮ್ ಮಾಡ್ಕಂಡವ್ನೆ" ಎಂದು ಉತ್ತರ ಬರುತ್ತದೆ. ಯಾವ ಕಾಲೇಜು, ಏನು ಓದು ಎಂಬುದು ಆಮೇಲಿನ ಮಾತು. ರೂಮು ಮಾಡಿದ್ದಾನೆ ಎಂದರೆ ಸಾಕು, ಆ ಮನೆಯವರು ಒಂದು ಚೀಲ ರಾಗಿ ಹಿಟ್ಟು ಬೀಸಿಸಿದ್ದಾರೆ, ಒಂದು ಚಾಪೆ ಒಂದು ಸ್ಟವ್ ಕೊಂಡಿದ್ದಾರೆ, ಎಲ್ಲೋ ಒಂದಿಷ್ಟು ಸಾಲ ಮಾಡಿದ್ದಾರೆ ಎಂದು ಕೇಳಿದವರಿಗೆ ತಾನಾಗಿ ತಿಳಿಯುತ್ತದೆ.

ನಾನು ಮದ್ದೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳು. ಯಾವ ಇಸವಿಯಲ್ಲಿ ಯಾವ ವಿಶ್ವವಿದ್ಯಾನಿಲಯ ಆಯಿತು, ಯಾವ ದಿವಾನರ ಕಾಲದಲ್ಲಿ ಏನು ಬಂತು ಎಂದು ಪಾಠದಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯ 1916 ಎಂದು ಮಕ್ಕಳು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಹಳ್ಳಿಯಿಂದ ಅಲ್ಲಿಗೆ ಓದಲು ಹೋದ ಹುಡುಗ ರಾತ್ರಿ ಎಲ್ಲಿ ಮಲಗಿದ, ಏನು ಉಂಡ ಎಂಬುದು ಮಾತ್ರ ಯಾವ ಪಾಠದಲ್ಲೂ ಇಲ್ಲ. ನನಗೋ ಅದೇ ದೊಡ್ಡ ಚರಿತ್ರೆಯೆಂದು ತೋರುತ್ತದೆ. ಊರಲ್ಲಿ ಕಾಲೇಜು ಇಲ್ಲದ್ದಕ್ಕೆ ಓದು ಬಿಟ್ಟವರಷ್ಟೇ ಮಂದಿ, ಕಾಲೇಜು ಇರುವ ಊರಲ್ಲಿ ತಲೆ ಇಡಲು ಜಾಗವಿಲ್ಲದೆ ಓದು ಬಿಟ್ಟಿದ್ದಾರೆ. ಹೆಣ್ಣುಮಕ್ಕಳಂತೂ ಇನ್ನೂ ಹೆಚ್ಚು.

ಇದು ನಮ್ಮ ದೇಶದ ಪಾಡು ಮಾತ್ರವೇನಲ್ಲ. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಊರಿನವರು ವಿದ್ಯಾರ್ಥಿಗಳ ಹತ್ತಿರ ವಿಪರೀತ ಬಾಡಿಗೆ ಕೀಳುತ್ತಿದ್ದಾರೆಂದು 1231ರಲ್ಲಿ ದೊರೆ ಮೂರನೆಯ ಹೆನ್ರಿ ಆಜ್ಞೆ ಹೊರಡಿಸಬೇಕಾಯಿತು. ಇಬ್ಬರು ಅಧ್ಯಾಪಕರು, ಇಬ್ಬರು ಊರಿನ ಗೃಹಸ್ಥರು ಕೂತು ಬಾಡಿಗೆ ಗೊತ್ತುಮಾಡಬೇಕೆಂದು ಅದರಲ್ಲಿತ್ತು. ಆ ಕಾಲದಲ್ಲಿ ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದರು. ಎಂಟುನೂರು ವರ್ಷ ಆಗುತ್ತ ಬಂದರೂ ಮನೆ ಯಜಮಾನನಿಗೂ ಓದುವ ಹುಡುಗನಿಗೂ ನಡುವಿನ ಜಗ್ಗಾಟ ಹಾಗೇ ಇದೆ, ನೋಡಿ.

ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಮೊದಲಿದ್ದದ್ದು ವಾರಾನ್ನ. ಬ್ರಾಹ್ಮಣರ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಂಡು ಓದುತ್ತಿದ್ದರು. ಏಳು ಮನೆ ಸಿಗದವರಿಗೆ ಆ ಒಂದೆರಡು ದಿನ ಉಪವಾಸ. ಎಸ್.ಎಲ್. ಭೈರಪ್ಪನವರ 'ಭಿತ್ತಿ' ಓದಿದವರಿಗೆ ಆ ಹಸಿವು ಎಂಥದೆಂದು ಗೊತ್ತು. ಹಾಕಿದ ತಾಯಂದಿರನ್ನು ನೆನೆದು ಕೈಮುಗಿದವರೂ ಇದ್ದಾರೆ, ಬಡಿಸುವಾಗ ಆಡಿದ ಒಂದು ಮಾತನ್ನು ಮುದುಕರಾದರೂ ಮರೆಯದವರೂ ಇದ್ದಾರೆ. ಮಿಕ್ಕ ಜಾತಿಯ ಮಕ್ಕಳಿಗೆ ಅದೂ ಇರಲಿಲ್ಲ. ಯಾರ ಮನೆಯ ಪಡಸಾಲೆಯಲ್ಲಿ ಯಾರು ಎಲೆ ಹಾಕಿಸಿಕೊಂಡು ಕೂರಬಹುದು ಎಂಬ ಲೆಕ್ಕ ಆ ಕಾಲದಲ್ಲಿ ಬಹಳ ಬಿಗಿ.

ಅದಕ್ಕೇ ಜಾತಿಗೊಂದು ಹಾಸ್ಟೆಲ್ ಹುಟ್ಟಿತು. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘವಾಯಿತು. ಬೇರೆ ಬೇರೆ ಜನಾಂಗದವರೂ ತಂತಮ್ಮ ಸಂಘ ಕಟ್ಟಿಕೊಂಡರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಹೇಗೆ ಕೊಡಬೇಕೆಂದು ನೋಡಲು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿತು. ನೌಕರಿ ಬೇಕಾದರೆ ಓದಬೇಕು, ಓದಬೇಕಾದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರಬೇಕು, ಇರಬೇಕಾದರೆ ಹಾಸ್ಟೆಲ್ ಬೇಕು. ಸಂಘದವರು ಚಂದಾ ಎತ್ತಿ, ಅಕ್ಕಿ ರಾಗಿ ಎತ್ತಿ ಹುಡುಗರಿಗೆ ಊಟ ಹಾಕಿದರು. ಮಠಗಳು ಬಂದವು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ಶುರುಮಾಡಿದರು. ಕುವೆಂಪು ಅವರಿಗೆ ರಾಮಕೃಷ್ಣಾಶ್ರಮ ಆಸರೆ ಕೊಟ್ಟಿತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನಲ್ಲಿದ್ದ ದಲಿತ ಹುಡುಗರ ಓದು, ತುಂಟಾಟ, ಹಸಿವುಗಳನ್ನು ಸಿದ್ದಲಿಂಗಯ್ಯನವರು 'ಊರುಕೇರಿ'ಯಲ್ಲಿ ಬರೆದಿದ್ದಾರೆ. ನಗುತ್ತಲೇ ಓದುತ್ತೇವೆ, ಪುಸ್ತಕ ಮಡಿಸಿದ ಮೇಲೆ ನಗು ಬರುವುದಿಲ್ಲ. ಜಾತಿ ಹಾಸ್ಟೆಲ್ಲುಗಳಿಂದ ಜಾತಿ ಬಲಿಯಿತು ಎಂದು ಭಾಷಣ ಮಾಡುವವರಿದ್ದಾರೆ. ಇರಬಹುದು. ಆದರೆ ಅವಿಲ್ಲದಿದ್ದರೆ ನಮ್ಮ ಜಿಲ್ಲೆಯ ಮೊದಲ ತಲೆಮಾರಿನ ಎಷ್ಟು ಮಂದಿ ವಕೀಲರು, ಡಾಕ್ಟರು, ಮೇಷ್ಟ್ರುಗಳು ಹುಟ್ಟುತ್ತಿದ್ದರು ಎಂದು ಅವರೂ ಒಮ್ಮೆ ಲೆಕ್ಕ ಹಾಕಲಿ.

ಇವೆಲ್ಲ ದೊಡ್ಡ ಊರುಗಳ ಮಾತು. ನಮ್ಮ ಮಂಡ್ಯ ಆಗಿನ್ನೂ ಊರೇ ಆಗಿರಲಿಲ್ಲ. ರೈಲು ಬಂದದ್ದು ಬಹಳ ಹಿಂದೆ. 1876ರಿಂದ 78ರವರೆಗಿನ ಘೋರ ಬರ ಕಳೆದ ಮೇಲೆ ಬೆಂಗಳೂರು-ಮೈಸೂರು ದಾರಿ ಹಾಕಿ 1882ಕ್ಕೆ ಮುಗಿಸಿದರು. ಮದ್ದೂರಿಗೂ ಮಂಡ್ಯಕ್ಕೂ ಸ್ಟೇಷನ್ ಸಿಕ್ಕಿತು. ಮಳವಳ್ಳಿಗೆ ಸಿಗಲಿಲ್ಲ, ಇವತ್ತಿಗೂ ಇಲ್ಲ. ಈ ಒಂದು ವ್ಯತ್ಯಾಸ ಎಷ್ಟು ಮಕ್ಕಳ ಹಣೆಬರಹ ಬದಲಿಸಿತೆಂದು ಮುಂದೆ ಹೇಳುತ್ತೇನೆ. 1930ರ ದಶಕದ ಮೊದಲಲ್ಲಿ ಕನ್ನಂಬಾಡಿಯಿಂದ ಇರ್ವಿನ್ ನಾಲೆಯ ನೀರು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಕಬ್ಬು ಬಂದಲ್ಲಿ ದುಡ್ಡು, ದುಡ್ಡು ಬಂದಲ್ಲಿ ಹೆಂಚಿನ ಮನೆ, ಹೆಂಚಿನ ಮನೆಯ ಹಿಂದೆ ಒಂದೆರಡು ರೂಮು.

ರೂಮಿಗೂ ಮುಂಚೆ ಮಂಡಿ ಇತ್ತು. ನನ್ನ ಅಪ್ಪ 1950ರ ದಶಕದಲ್ಲಿ ಮಂಡ್ಯಕ್ಕೆ ಹೈಸ್ಕೂಲಿಗೆ ಬಂದಾಗ ಮಲಗುತ್ತಿದ್ದದ್ದು ತಾತ ಬೆಲ್ಲ ಹಾಕುತ್ತಿದ್ದ ಮಂಡಿಯಲ್ಲಿ. ರೈತರ ಮಕ್ಕಳನ್ನು ಹೀಗೆ ಇರಿಸಿಕೊಳ್ಳುವುದು ಸಾಹುಕಾರರ ವ್ಯಾಪಾರದ ಮರ್ಯಾದೆಯೂ ಹೌದು, ಜಾಣತನವೂ ಹೌದು. ಹುಡುಗ ಇಲ್ಲಿರುವವರೆಗೆ ಅಪ್ಪ ಬೇರೆ ಮಂಡಿಗೆ ಬೆಲ್ಲ ಹಾಕುವುದಿಲ್ಲವಲ್ಲ! ಅಪ್ಪ ಸಂಜೆ ಚೀಟಿ ಬರೆದುಕೊಟ್ಟು, ಬೆಲ್ಲದ ಅಚ್ಚುಗಳ ಪಕ್ಕದಲ್ಲಿ ಗೋಣಿ ಹಾಸಿಕೊಂಡು, ಇರುವೆ ಕಡಿಸಿಕೊಂಡು ಓದಿದರು. ಸಾಯುವವರೆಗೂ ಅವರು ಕಾಫಿಗೆ ಬೆಲ್ಲ ಹಾಕಿದರೆ ಕುಡಿಯುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮಂಡ್ಯಕ್ಕೆ ಸರ್ಕಾರಿ ಕಾಲೇಜು ಬಂತು. 1962ರಲ್ಲಿ ಕೆ.ವಿ. ಶಂಕರಗೌಡರು ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಕಟ್ಟಿಸಿದರು. ಆಮೇಲೆ ಊರಿನ ಚಹರೆಯೇ ಬೇರೆ. ವಿದ್ಯಾನಗರ, ಅಶೋಕನಗರ, ಸುಭಾಷ್‌ನಗರ, ಗುತ್ತಲು, ಎಲ್ಲಿ ನೋಡಿದರೂ ಹಿತ್ತಲಿಗೊಂದು ಶೀಟಿನ ರೂಮು ಎದ್ದಿತು. 1961ರ ಬಾಡಿಗೆ ಕಾಯಿದೆ ಇದ್ದ ಕಾಲ. ಸಂಸಾರಸ್ಥರನ್ನು ಒಮ್ಮೆ ಕೂರಿಸಿದರೆ ಎಬ್ಬಿಸುವುದು ಕಷ್ಟ, ಕೋರ್ಟಿಗೆ ಅಲೆಯಬೇಕು. ಹುಡುಗರಾದರೋ ಪರೀಕ್ಷೆ ಮುಗಿದ ಮಾರನೆಯ ದಿನ ಚಾಪೆ ಸುತ್ತಿಕೊಂಡು ಹೊರಡುತ್ತಾರೆ. ಮನೆಯವರಿಗೆ ವಿದ್ಯೆಯ ಮೇಲೆ ಬಂದ ಪ್ರೀತಿಯಲ್ಲಿ ಈ ಲೆಕ್ಕವೂ ಸೇರಿತ್ತು ಎಂದು ನನ್ನ ಗುಮಾನಿ.

ಆ ರೂಮುಗಳ ಹುಡುಗರು ಬದುಕಿದ್ದು ಬಸ್ಸಿನ ಕ್ಯಾರಿಯರ್ ಮೇಲೆ. ಪಟ್ಟಣದ ಓದುಗರಿಗೆ ಇದು ಗೊತ್ತಿರಲಾರದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಳಗಿನ ಮೊದಲ ಬಸ್ಸು ಹಳ್ಳಿಗೆ ಬರುವ ಹೊತ್ತಿಗೆ ಹತ್ತಾರು ತಾಯಂದಿರು ರಸ್ತೆಗೆ ಬಂದು ನಿಂತಿರುತ್ತಿದ್ದರು. ಕೈಯಲ್ಲಿ ಟಿಫನ್ ಕ್ಯಾರಿಯರ್. ತಳದ ಡಬ್ಬಿಯಲ್ಲಿ ಮುದ್ದೆ, ಮೇಲೆ ಬಸ್ಸಾರೋ ಉಪ್ಪುಸಾರೋ, ಅದರ ಮೇಲೆ ಅನ್ನ. ಚೆಲ್ಲದ ಹಾಗೆ ಬಟ್ಟೆಯಲ್ಲಿ ಗಂಟು. ಗುರುತಿಗೆ ಮೊಳೆಯಲ್ಲಿ ಕೊರೆದ ಹೆಸರು. ಕ್ಲೀನರ್ ಹುಡುಗ ಒಂದೊಂದಾಗಿ ಡ್ರೈವರ್ ಪಕ್ಕ ಇಂಜಿನ್ ಮೇಲೆ ಜೋಡಿಸುತ್ತಿದ್ದ, ಬಿಸಿಯಾಗಿರಲಿ ಎಂದು. ಮಂಡ್ಯದ ಬಸ್ ಸ್ಟಾಂಡಿನಲ್ಲಿ ಹುಡುಗರು ಸೈಕಲ್ ಹಿಡಿದು ಕಾಯುತ್ತಿದ್ದರು. ನಿನ್ನೆಯ ಖಾಲಿ ಕ್ಯಾರಿಯರ್ ಕೊಟ್ಟು ಇವತ್ತಿನದನ್ನು ಇಳಿಸಿಕೊಳ್ಳಬೇಕು. ಅದಲು ಬದಲಾಗಿ ಗೌಡರ ಮನೆಯ ಕೋಳಿ ಸಾರು ಬೇರೊಬ್ಬನ ಪಾಲಾದದ್ದುಂಟು. ಆ ಜಗಳ ಹಳ್ಳಿಯವರೆಗೂ ಹೋದದ್ದುಂಟು. ಖಾಲಿ ಡಬ್ಬಿಯೊಳಗೆ ಚೀಟಿ ಇಟ್ಟು "ದುಡ್ಡು ಕಳಿಸು" ಎಂದು ಬರೆಯುವುದು, ಓದಲು ಬಾರದ ತಾಯಿ ಅದನ್ನು ಪಕ್ಕದ ಮನೆಯವರಿಂದ ಓದಿಸುವುದು, ಇಡೀ ಬೀದಿಗೆ ವಿಷಯ ತಿಳಿಯುವುದು, ಇದೂ ನಡೆಯುತ್ತಿತ್ತು. ಕಂಡಕ್ಟರುಗಳು ಇದಕ್ಕೆ ಚಾರ್ಜು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಯುಗಾದಿಗೆ ಒಂದಿಷ್ಟು ಒಬ್ಬಟ್ಟು, ಸುಗ್ಗಿಯಲ್ಲಿ ಒಂದು ಸೇರು ಅವರೆಕಾಯಿ, ಅಷ್ಟೇ. 1991ರ ಡಿಸೆಂಬರಿನ ಕಾವೇರಿ ಗಲಾಟೆಯಲ್ಲಿ ಬಸ್ಸು ನಿಂತಾಗ ನನ್ನ ತಮ್ಮ ರೂಮಿನಲ್ಲಿ ಮೂರು ದಿನ ಅವಲಕ್ಕಿ ನೆನೆಸಿಕೊಂಡು ತಿಂದ. ಹೊಳೆಯ ನೀರಿಗಾಗಿ ಊರೇ ಬೀದಿಗಿಳಿದಿದ್ದಾಗ ಅವನಿಗೆ ಹೊಟ್ಟೆಯ ಚಿಂತೆ.

ಹುಡುಗಿಯರಿಗೆ ಕ್ಯಾರಿಯರ್ ಕಳಿಸಿದ್ದು ಕಡಿಮೆ. "ಅವಳಿಗೇನು, ಬೇಯಿಸ್ಕೊಂಡು ತಿಂತಾಳೆ" ಎಂಬ ಮಾತು. ಅದಕ್ಕೂ ಮೊದಲು ಹುಡುಗಿ ರೂಮು ಮಾಡುವುದೇ ಅಪರೂಪ. ಮದ್ದೂರಿನ ಹುಡುಗಿಗೆ ರೈಲಿತ್ತು. ಬೆಳಿಗ್ಗೆ ಪಾಸು ತೋರಿಸಿ ಹತ್ತಿದರೆ ಮಂಡ್ಯ, ಮನಸ್ಸು ಮಾಡಿದರೆ ಮೈಸೂರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಹುಡುಗಿ ರಾತ್ರಿ ಮನೆಯಲ್ಲಿ ಮಲಗುತ್ತಾಳೆ ಎಂಬ ಒಂದೇ ಧೈರ್ಯದ ಮೇಲೆ ಎಷ್ಟೋ ಅಪ್ಪಂದಿರು ಡಿಗ್ರಿಗೆ ಸೇರಿಸಿದರು. ಮಳವಳ್ಳಿ ಸೀಮೆಯ ಹುಡುಗಿಗೆ ಈ ಭಾಗ್ಯವಿಲ್ಲ. ಒಳಹಳ್ಳಿಯಿಂದ ನಡೆದು ರಸ್ತೆಗೆ ಬಂದು, ತುಂಬಿ ಬಂದ ಬಸ್ಸು ನಿಲ್ಲಿಸದೆ ಹೋದರೆ ಆವತ್ತಿನ ಕಾಲೇಜು ಅಲ್ಲಿಗೆ ಮುಗಿಯಿತು. ನನ್ನ ಜೊತೆ ಪಿ.ಯು.ಸಿ. ಮುಗಿಸಿದ ಹೆಚ್ಚಿನ ಹುಡುಗಿಯರು ಹೀಗೇ ನಿಂತರು. ಮೆದುಳಲ್ಲಿ ನನಗಿಂತ ಚುರುಕಾದವರು ಅವರಲ್ಲಿದ್ದರು.

1988ರಲ್ಲಿ ನಾನು ಬಿ.ಎ.ಗೆ ಮಂಡ್ಯಕ್ಕೆ ಬಂದಾಗ ನಾವು ಮೂವರು. ನಾನು, ನನ್ನ ಸೋದರತ್ತೆಯ ಮಗಳು, ಇನ್ನೊಬ್ಬಳು ಮಳವಳ್ಳಿಯ ಕಡೆಯ ಗೆಳತಿ. ಅವಳ ಹೆಸರು ಇಲ್ಲಿ ಬೇಡ. ದಲಿತರ ಹುಡುಗಿ, ತರಗತಿಗೆ ಮೊದಲಿಗಳು. ಹಾಸ್ಟೆಲ್ಲಿನಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಮನೆ ಹುಡುಕುವುದೆಂದರೆ ಆಗ ಬೋರ್ಡು ಗೀರ್ಡು ಇಲ್ಲ. ಹಿಟ್ಟಿನ ಗಿರಣಿಯಲ್ಲಿ, ಇಸ್ತ್ರಿ ಅಂಗಡಿಯಲ್ಲಿ, ಹಾಲಿನ ಡೈರಿಯ ಮುಂದೆ ಕೇಳಬೇಕು. ಯಾರ ಮನೆ ಖಾಲಿ, ಯಾರ ಸೊಸೆ ತವರಿಗೆ ಹೋದಳು ಎಲ್ಲ ಅಲ್ಲಿ ಗೊತ್ತು. ಹೋದ ಕಡೆಯೆಲ್ಲ ಅದೇ ಪ್ರಶ್ನೆಗಳು, ಅದೇ ಕ್ರಮದಲ್ಲಿ. ಯಾವೂರು? ಯಾರ ಪೈಕಿ? ಮಾಂಸ ಮಾಡ್ತೀರಾ? ಗಂಡುಹುಡುಗರು ಬರ್ತಾರಾ? ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಮೂರನೆಯದನ್ನು ಕೇಳದೆಯೇ ಒಳಗೆ ಹೋದವರಿದ್ದಾರೆ. ಒಂದು ಮನೆಯಲ್ಲಿ ಬಹಳ ಮೃದುವಾಗಿ ಹೇಳಿದರು, "ನೀವಿಬ್ಬರಾದರೆ ಬನ್ನಿ ಮಕ್ಕಳೇ, ರೂಮು ಮೂರು ಜನಕ್ಕೆ ಸಣ್ಣದಾಯ್ತದೆ." ರೂಮು ಸಣ್ಣದೇನೂ ಇರಲಿಲ್ಲ. ನಾವು ಮೂವರೂ ಇಳಿದು ಬಂದೆವು.

ಹತ್ತು ಹನ್ನೊಂದು ಮನೆ ಆದ ಮೇಲೆ ಒಬ್ಬ ಯಜಮಾನಿ ನಮ್ಮ ಮುಖ ನೋಡಿ, "ಮೂವರೂ ಒಂದೇ ಜನವೇನಮ್ಮಾ?" ಎಂದರು. ನಾವಿಬ್ಬರು ಬಾಯಿ ತೆರೆಯುವ ಮೊದಲೇ ಗೆಳತಿ, "ಹೂಂ ಅಮ್ಮ, ಒಂದೇ" ಎಂದುಬಿಟ್ಟಳು. ತಿಂಗಳಿಗೆ ನೂರ ಇಪ್ಪತ್ತು ರೂಪಾಯಿ, ಮೂರು ತಿಂಗಳ ಅಡ್ವಾನ್ಸು. ಬಾವಿಯ ನೀರು ಸೇದಿಕೊಳ್ಳಬೇಕು, ಏಳು ಗಂಟೆಯ ಮೇಲೆ ಹೊರಗೆ ಹೋಗಬಾರದು, ಶನಿವಾರ ಮೊಟ್ಟೆಯೂ ಬೇಡ.

ಮೂರು ವರ್ಷ ಇದ್ದೆವು. ಆಕೆ ಕೆಟ್ಟವರಲ್ಲ. ಗೆಳತಿಗೆ ಟೈಫಾಯಿಡ್ ಆದಾಗ ಹದಿನೈದು ದಿನ ಗಂಜಿ ಮಾಡಿ ತಾವೇ ಹಣೆ ಮುಟ್ಟಿ ನೋಡಿದವರು. ಗೌರಿ ಹಬ್ಬಕ್ಕೆ ಮೂವರಿಗೂ ಬಳೆ ತೊಡಿಸುತ್ತಿದ್ದರು. ಆದರೆ ಗೆಳತಿಯ ತಂದೆ ಒಂದು ದಿನವೂ ಆ ಮನೆಗೆ ಬರಲಿಲ್ಲ. ಹದಿನೈದು ದಿನಕ್ಕೊಮ್ಮೆ ರಾಗಿ ಹಿಟ್ಟು, ಹುರುಳಿಕಾಳು ಹೊತ್ತು ಬಂದು ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ನಾವೇ ಹೋಗಿ ತರುತ್ತಿದ್ದೆವು. "ಬನ್ನಿ ಅಪ್ಪಾ, ರೂಮು ನೋಡಿ ಹೋಗಿ" ಎಂದು ನಾನೊಮ್ಮೆ ಕರೆದೆ. "ಬ್ಯಾಡ ಕಣವ್ವ, ನಾನು ನಿಂತ್ಕಳೋ ನಿಲುವು ನೋಡೇ ಅವ್ರಿಗೆ ಗೊತ್ತಾಯ್ತದೆ" ಎಂದು ನಕ್ಕರು. ಯಜಮಾನಿ ಆಗಾಗ ಕೇಳುತ್ತಿದ್ದರು, "ನಿಮ್ಮಪ್ಪ ಒಂದ್ಸಲನೂ ಬರಲಿಲ್ಲವಲ್ಲೇ?" ಹೊಲದ ಕೆಲಸ, ಬತ್ತದ ಕುಯ್ಲು, ದನದ ಜಾತ್ರೆ ಎಂದು ಗೆಳತಿ ಮೂರು ವರ್ಷ ಕಾರಣ ಹೇಳಿದಳು. ರಾತ್ರಿ ನಿದ್ದೆಯಲ್ಲಿ ಏನಾದರೂ ಬಡಬಡಿಸಿದೆನೇ ಎಂದು ಬೆಳಿಗ್ಗೆ ನಮ್ಮನ್ನು ಕೇಳುತ್ತಿದ್ದಳು. ಅವಳಿಗೆ ಫಸ್ಟ್ ಕ್ಲಾಸ್ ಬಂದ ದಿನವೂ ಅವರು ಅದೇ ಬೆಂಚಿನ ಮೇಲೆ ಬಾಳೆಹಣ್ಣಿನ ಚಿಪ್ಪು ಹಿಡಿದು ಕೂತಿದ್ದರು. ಮಗಳು ಮೂರು ವರ್ಷ ಯಾವ ಕಿಟಕಿಯ ಪಕ್ಕ ಕೂತು ಓದಿದಳೆಂದು ಆ ಮನುಷ್ಯ ನೋಡಲೇ ಇಲ್ಲ. ಈಗ ಅವರಿಲ್ಲ.

ಸರ್ಕಾರದ ಹಾಸ್ಟೆಲ್ಲುಗಳು ಆಮೇಲೆ ಹೆಚ್ಚಿದವು. ದೇವರಾಜ ಅರಸರ ಕಾಲದಲ್ಲಿ ಹಾವನೂರು ಆಯೋಗದ ವರದಿ 1975ರಲ್ಲಿ ಬಂದ ಮೇಲೆ ಹಿಂದುಳಿದವರ ಮಕ್ಕಳ ಕಡೆಗೂ ಗಮನ ಹೋಯಿತು, ಬಿ.ಸಿ.ಎಂ. ಹಾಸ್ಟೆಲ್ ಎಂಬ ಹೆಸರು ಹಳ್ಳಿಯವರ ಬಾಯಲ್ಲೂ ಓಡಾಡಿತು. ಆದರೆ ಸೀಟಿಗಿಂತ ಅರ್ಜಿ ಯಾವಾಗಲೂ ಹೆಚ್ಚು. 2013ರ ಸಾಲಿನಲ್ಲಿ ಬಂದ ವಿದ್ಯಾಸಿರಿ ನನಗೆ ಮೆಚ್ಚುಗೆಯಾದದ್ದು ಇದಕ್ಕೇ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆಂದು ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆ ಅದು. ರೂಮು ಮಾಡಿಕೊಂಡು ಓದುವುದೂ ಒಂದು ಓದು ಎಂದು ಸರ್ಕಾರ ಲೆಕ್ಕಕ್ಕೆ ಹಿಡಿಯಿತಲ್ಲ! ಹಣ ಕೈಸೇರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ದೂರುತ್ತಾರೆ. 1500ಕ್ಕೆ ಮಂಡ್ಯದಲ್ಲಿ ಊಟವಾಗುವುದೋ ವಸತಿಯಾಗುವುದೋ, ಎರಡೂ ಆಗದು.

ಈಗ ರೂಮಿನ ಜಾಗದಲ್ಲಿ ಪಿ.ಜಿ.ಗಳು ಬಂದಿವೆ. ಮೂರು ಅಂತಸ್ತು, ಸಿ.ಸಿ. ಕ್ಯಾಮೆರಾ, ವಾರಕ್ಕೊಮ್ಮೆ ಗೋಬಿ. 2006ರಲ್ಲಿ ಮೆಡಿಕಲ್ ಕಾಲೇಜು ಬಂದ ಮೇಲೆ ಬೇರೆ ಬೇರೆ ಜಿಲ್ಲೆಯ ಮಕ್ಕಳೂ ಮಂಡ್ಯಕ್ಕೆ ಬರುತ್ತಾರೆ. ಅಲ್ಲಿ "ಯಾರ ಪೈಕಿ" ಎಂದು ಕೇಳುವುದಿಲ್ಲ; ಆಧಾರ್ ಕಾರ್ಡು ಕೇಳುತ್ತಾರೆ, ಅಡ್ವಾನ್ಸು ಕೇಳುತ್ತಾರೆ. ಒಂದು ರೀತಿಯಲ್ಲಿ ಮೇಲು. ಆದರೆ ಮನೆಯ ಹಿತ್ತಲಿನ ರೂಮಿಗೆ ಕೇಳಿಕೊಂಡು ಹೋಗಿ ನೋಡಿ, ಆ ಎರಡನೆಯ ಪ್ರಶ್ನೆ ಈಗಲೂ ಬರುತ್ತದೆ, ಸ್ವಲ್ಪ ಸುತ್ತಿ ಬಳಸಿ. "ನೀವು ವೆಜ್ಜಾ?" ಎನ್ನುತ್ತಾರೆ.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು. ನಮ್ಮ ಶಾಲೆಯಲ್ಲಿ ಓದಿ ಹೋದ ಒಬ್ಬ ಹುಡುಗಿ, ಮದ್ದೂರಿಗೂ ಮಳವಳ್ಳಿಗೂ ನಡುವಿನ ಒಳಹಳ್ಳಿಯವಳು, ಈಗ ಮಂಡ್ಯದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಮೊದಲಾಗಿದ್ದರೆ ಬಹುಶಃ ಮದುವೆ ಮಾಡಿಬಿಡುತ್ತಿದ್ದರು. ಆರೂವರೆಗೆ ಮನೆ ಬಿಟ್ಟು ಎರಡು ಬಸ್ಸು ಬದಲಾಯಿಸಿ ಹೋಗಿ, ಸಂಜೆ ಏಳೂವರೆಗೆ ಬರುತ್ತಾಳೆ. "ಪ್ರಾಕ್ಟಿಕಲ್ ಇರೋ ದಿನ ಎಂಟಾಗ್ತದೆ, ಒಂದು ರೂಮು ನೋಡಬಾರದೇ?" ಎಂದು ಅವಳ ತಾಯಿಗೆ ಹೇಳಿದೆ. "ಬಸ್ಸೇ ಪುಕ್ಕಟೆ ಆಗಿರುವಾಗ ರೂಮ್ ಯಾಕೆ ಮಿಸ್?" ಎಂದರು. ಟಿಕೆಟ್ಟಿನ ದುಡ್ಡು ಉಳಿಯಿತು, ದಿನಕ್ಕೆ ನಾಲ್ಕು ಗಂಟೆ ಹೊತ್ತು ಉಳಿಯಲಿಲ್ಲ ಎಂದು ನಾನು ವಾದ ಮಾಡಿದೆ. ಆಕೆ ಒಪ್ಪಲಿಲ್ಲ. ಹುಡುಗಿ ಏನೂ ಹೇಳಲಿಲ್ಲ. ಮಾರನೆಯ ವಾರ ಶಾಲೆಗೆ ಬಂದು, ಮಂಡ್ಯದಲ್ಲಿ ಇಬ್ಬರು ಗೆಳತಿಯರು ರೂಮು ನೋಡುತ್ತಿದ್ದಾರೆ, ತಿಂಗಳಿಗೆ ಎಷ್ಟಾಗಬಹುದು ಮಿಸ್, ಎಂದು ಕೇಳಿದಳು. ಸ್ಟಾಫ್ ರೂಮಿನಲ್ಲಿ ಕೂತು ಗ್ಯಾಸು, ಕರೆಂಟು, ಅಕ್ಕಿ, ತರಕಾರಿ ಎಂದು ಒಂದು ಹಾಳೆಯಲ್ಲಿ ಬರೆದು ಕೂಡಿಸಿದೆವು. ಆ ಹಾಳೆಯನ್ನು ಅವಳು ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಬಸ್ಸಿಗೆ ಓಡಿದಳು.